ಕೆಳಗಿನಿಂದ ಬಂದ ಬೆಳಕು

ಬೃಂದಾ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಕಣ್ಣಿಗೆ ಸುಳ್ಳು ಹೇಳುವ ಕೆಲಸ. ಕಂಪ್ಯೂಟರಿನ ಗಾಜಿನ ಮೇಲೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಬೂದು ಬಣ್ಣದ ಒಂದು ಚೌಕ ಬರೆದು, ಮೇಲಂಚಿಗೂ ಎಡ ಅಂಚಿಗೂ ಬಿಳಿ ಗೆರೆ, ಕೆಳಗೂ ಬಲಕ್ಕೂ ಕಪ್ಪು ಗೆರೆ ಎಳೆದರೆ ಅದು ಉಬ್ಬಿ ನಿಂತ ಬಟನ್. ಗೆರೆಗಳನ್ನು ಅದಲುಬದಲು ಮಾಡಿದರೆ ಒಳಗೆ ಅದುಮಿದ ಬಟನ್. ಬೆಳಕು ಮೇಲಿನಿಂದಲೇ ಬೀಳುತ್ತದೆ ಎಂದು ಮನುಷ್ಯನ ಕಣ್ಣು ನಂಬಿ ಕೂತಿದೆ. ಆ ನಂಬಿಕೆಯ ಮೇಲೆ ಬೃಂದಾಳ ಸಂಬಳ ನಡೆಯುತ್ತಿತ್ತು.

ನಂಜನಗೂಡಿನ ಹುಡುಗಿ. ಡಿಪ್ಲೊಮಾ ಮುಗಿಸಿ ಚೆನ್ನೈಗೆ ಬಂದು, ತ್ರಿಪ್ಲಿಕೇನ್‌ನಲ್ಲಿ ಮೆಸ್ಸೊಂದರ ಮಹಡಿಯ ಮೇಲಿದ್ದ ವಿಶ್ವಾರಾಧ್ಯನ ಸಾಫ್ಟ್‌ವೇರ್ ಅಂಗಡಿ ಸೇರಿದ್ದಳು. ಅಂಗಡಿ ಅಂದರೆ ಅಂಗಡಿಯೇ. ಅವನ ಅಪ್ಪ ಅದೇ ಬೀದಿಯಲ್ಲಿ ಬಟ್ಟೆ ಮಾರಿದ್ದರು. ಮಗ ಕಾರ್ಖಾನೆಗಳಿಗೆ ಪ್ರೋಗ್ರಾಮ್ ಮಾರುತ್ತಿದ್ದ. ಗಿರಾಕಿ ಹಗಲನ್ನು ರಾತ್ರಿ ಅಂದರೆ ಲಾಟೀನು ಹಚ್ಚಿಕೊಡುವುದು ಆ ಮನೆತನದ ವ್ಯಾಪಾರ ನೀತಿ.

1999ರಲ್ಲಿ ತಿರುವೊಟ್ಟಿಯೂರಿನ ಕಾರ್ಖಾನೆಯೊಂದರ ಕೆಲಸ ಬಂತು. ಪೇಂಟಿಗೆ ಹಾಕುವ ರಾಳವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುವ ಜಾಗ. ಅಲ್ಲಿನ ಹಳೆಯ ಕಬ್ಬಿಣದ ಪ್ಯಾನೆಲಿನಲ್ಲಿ ಬಟನ್ ಒಳಗೆ ಹೋಗಿದ್ದರೆ ಪಂಪು ಓಡುತ್ತಿದೆ, ಹೊರಗೆ ಬಂದಿದ್ದರೆ ನಿಂತಿದೆ. ಅದರ ಬದಲು ಬರುವ ಕಂಪ್ಯೂಟರ್ ಪರದೆಯ ಮೇಲೂ ಹಾಗೇ ಇರಲಿ ಎಂದರು. ಬೃಂದಾ ಹಾಗೇ ಬರೆದಳು.

ಆಮೇಲೆ ಕಾರ್ಖಾನೆಯ ಯಜಮಾನ ವಾಸ್ತುವಿನವನನ್ನು ಕರೆತಂದ. ಆಪರೇಟರ್ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಾನೆ, ಅದು ಯಮನ ದಿಕ್ಕು, ಆಗಬಾರದು ಎಂದ ಆತ. ಮೇಜು ತಿರುಗಿಸಬೇಕಾದರೆ ಗೋಡೆ ಒಡೆದು ಕೇಬಲು ಮತ್ತೆ ಎಳೆಯಬೇಕು. ಅದಕ್ಕೆ ಯಜಮಾನ ಒಪ್ಪಲಿಲ್ಲ. ಸರಿ, ಪುಕ್ಕಟೆ ಪರಿಹಾರವೂ ಉಂಟು ಎಂದ ವಾಸ್ತುವಿನವನು. ದಕ್ಷಿಣಕ್ಕೆ ತಿರುಗಿ ಕೂತವನ ಎದುರು ನಕ್ಷೆ ಹಾಸಿದರೆ ಅದರ ಮೇಲ್ತುದಿ ದಕ್ಷಿಣ, ಕೆಳತುದಿ ಉತ್ತರ, ಎಡಗಡೆ ಪೂರ್ವ. ಪರದೆಯೂ ಅಷ್ಟೇ. ಅಂದಮೇಲೆ ಈಶಾನ್ಯ ಇರುವುದು ಪರದೆಯ ಕೆಳಗಿನ ಎಡಮೂಲೆಯಲ್ಲಿ. ಬಟನ್ನುಗಳ ಮೇಲೆ ಬೆಳಕು ಅಲ್ಲಿಂದ ಬೀಳಲಿ, ದೋಷ ಕಳೆಯುತ್ತದೆ.

"ಬೆಳಕು ಕೆಳಗಿಂದ ಬಂದ್ರೆ ಉಬ್ಬಿರೋದೆಲ್ಲ ತಗ್ಗಾಗಿ ಕಾಣುತ್ತೆ ಸಾರ್," ಎಂದಳು ಬೃಂದಾ. "ನಿಂತಿರೋ ಪಂಪು ಓಡ್ತಿದೆ ಅನ್ಸುತ್ತೆ. ಯಾರಾದ್ರೂ ಸಾಯ್ತಾರೆ."

"ಸಾಯೋರು ಎಲ್ಲಿದ್ರೂ ಸಾಯ್ತಾರೆ ಕಣಮ್ಮಾ," ಎಂದ ವಿಶ್ವಾರಾಧ್ಯ. "ಈಶಾನ್ಯ ಅಂದ್ರೆ ಶಿವನ ಮೂಲೆ. ಅಲ್ಲಿಂದ ಬೆಳಕು ಬಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಓಡ್ತಿದೆ, ನಿಂತಿದೆ ಅಂತ ಪಕ್ಕದಲ್ಲಿ ಬರೆದಾದ್ರೂ ಹಾಕ್ತೀನಿ."

"ಗಿರಾಕಿ ಕೇಳಿದ್ದನ್ನ ಮಾಡು. ಕೇಳದೇ ಇದ್ದದ್ದನ್ನ ಮಾಡೋಕೆ ನಿನಗೆ ಯಾರು ಸಂಬಳ ಕೊಡ್ತಾರೆ?"

ಬೃಂದಾ ಬೈದುಕೊಂಡೇ ಗೆರೆಗಳನ್ನು ತಿರುಗಿಸಿದಳು. ಬೈದುಕೊಂಡು ಮಾಡಿದರೂ ಮಾಡಿದ್ದು ಮಾಡಿದ್ದೇ. ಆಪರೇಟರುಗಳು ಮೊದಮೊದಲು ತಡವರಿಸಿದರು. ಆಮೇಲೆ ತಗ್ಗಾಗಿ ಕಂಡದ್ದು ನಿಂತಿದೆ, ಉಬ್ಬಿ ಕಂಡದ್ದು ಓಡುತ್ತಿದೆ ಎಂದು ಉರು ಹೊಡೆದುಕೊಂಡರು.

ಉರು ಹೊಡೆಯದೆ ಉಳಿದವನು ಹಳೆಯ ಆಪರೇಟರ್ ತಿರುಮಲ. ಮಗಳ ಮದುವೆಗೆಂದು ರಜೆ ಹಾಕಿದ್ದವನನ್ನು ಬಂದ ದಿನವೇ ಹೊಸ ಪರದೆಯ ಮುಂದೆ ಕೂರಿಸಿದರು. ಯಾರೂ ಒಂದು ಮಾತು ಹೇಳಲಿಲ್ಲ. ತಣ್ಣೀರಿನ ಪಂಪಿನ ಬಟನ್ ಒಳಗೆ ಹೋದಂತೆ ಕಂಡಿತು. ಕೊಪ್ಪರಿಗೆಯ ಸುತ್ತ ನೀರು ಓಡುತ್ತಿದೆ ಎಂದುಕೊಂಡ. ಕಾವು ಏರತೊಡಗಿದಾಗಲೂ ಪಂಪಿನ ಮೇಲೆ ಅನುಮಾನ ಬರಲಿಲ್ಲ; ಪೈಪು ಕಟ್ಟಿಕೊಂಡಿರಬೇಕೆಂದು ಫಿಟ್ಟರನ್ನು ಕೂಗಿದ. ಫಿಟ್ಟರ್ ಬರುವಷ್ಟರಲ್ಲಿ, ಕಾವು ಮೀರಿದರೆ ಗಟ್ಟಿಯಾಗುವ ರಾಳವೆಲ್ಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮ್ಯಾನೇಜರ್ ಪದ್ಮನಾಭ ತಿರುಮಲನನ್ನು ಸಸ್ಪೆಂಡ್ ಮಾಡಿ, ಡಿಸ್ಮಿಸ್ ಮಾಡಲೆಂದೇ ಒಂದು ವಿಚಾರಣೆ ಇಟ್ಟ.

ತಿರುಮಲನದು ತಲೆಮಾರುಗಳಿಂದ ಚೆನ್ನೈಯಲ್ಲಿ ಬೇರುಬಿಟ್ಟ ಮನೆ. ಮನೆಮಾತು ಕನ್ನಡ, ಜಗಳದ ಮಾತು ತಮಿಳು. ತ್ರಿಪ್ಲಿಕೇನ್‌ನ ಮೆಟ್ಟಿಲು ಹತ್ತಿ ಬಂದವನಿಗೆ ಎರಡೂ ಬೇಕಾಯಿತು.

"ಆ ಸ್ಕ್ರೀನ್ ಬರ್ದ ಪೊಣ್ಣು ಯಾರು?"

"ನಾನೇ," ಎಂದಳು ಬೃಂದಾ.

"ಅಡಿಪಾವಿ! ಕಣ್ಣು ಮುಖದಲ್ಲಿದೆಯಾ, ಬೆನ್ನಲ್ಲಿದೆಯಾ? ಗಡ್ಡ ಬೆಳ್ಳಗಾಗೋ ತನಕ ಬಟನ್ ಒತ್ತಿದೀನಿ ಅಮ್ಮಾ. ಒಳಗೆ ಹೋದ್ರೆ ಓಡುತ್ತೆ. ನಿಮ್ಮೂರಲ್ಲಿ ಸೂರ್ಯ ಕಾಲಡಿ ಹುಟ್ಟುತ್ತಾ?"

"ಅದು ತಲೆಕೆಳಗು ಅಂತ ನಂಗೊತ್ತಿತ್ತು. ಹೇಳ್ದೆ, ಕೇಳ್ಲಿಲ್ಲ."

ತಿರುಮಲ ಅವಳ ಮೇಜಿನ ಹತ್ತಿರಕ್ಕೆ ಬಂದ. "ಗೊತ್ತಿದ್ದೂ ಬರ್ದೆಯಾ? ಗೊತ್ತಿಲ್ದೆ ಬರ್ದಿದ್ರೆ ಬೈದು ಸುಮ್ಮನಾಗ್ತಿದ್ದೆ. ಈಗ ಉಗೀಬೇಕು ಅನ್ಸುತ್ತೆ."

ವಿಶ್ವಾರಾಧ್ಯ ಒಳಗಿನಿಂದ ಬಂದು ಅವನನ್ನು ಹೊರಗೆ ಅಟ್ಟಿದ. ಆಮೇಲೆ ಬೃಂದಾಳಿಗೆ ಹೇಳಿದ: "ನಾಳೆ ವಿಚಾರಣೆಗೆ ಹೋಗಿ ಸ್ಕ್ರೀನ್ ಸರಿಯಾಗಿದೆ ಅಂತ ಒಂದು ಮಾತು ಹೇಳಿ ಬಾ. ಅವರ ಇನ್ನೊಂದು ಫ್ಯಾಕ್ಟರಿ ಆರ್ಡರೂ ನಮಗೇ ಬರೋದಿದೆ. ಬಾಯಿ ಜಾಸ್ತಿ ಬಿಡಬೇಡ."

ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು. ದೂರು ಕೊಟ್ಟವನೂ ಪದ್ಮನಾಭ, ತೀರ್ಪು ಕೊಡುವವನೂ ಪದ್ಮನಾಭ. ತೋಳ ಕುರಿಯ ಮೊಕದ್ದಮೆ ನಡೆಸಿದ ಹಾಗೆ. ತಿರುಮಲನ ಪಕ್ಕ ಯೂನಿಯನ್ನಿನ ಶಿವರಾಮು ಕೂತಿದ್ದ.

"ಸ್ಕ್ರೀನ್ ಸರಿ ಇದೆ ತಾನೇ ಅಮ್ಮಾ?" ಎಂದು ಕೇಳಿದ ಪದ್ಮನಾಭ.

"ಇಲ್ಲ ಸಾರ್. ವಾಸ್ತು ಅಂತ ಬೆಳಕನ್ನ ಕೆಳಗಿಂದ ಬರೆಸಿದ್ರು. ಬರೆದದ್ದು ನಾನು. ನಿಂತಿರೋ ಪಂಪು ಓಡೋ ಥರ ಕಾಣುತ್ತೆ."

"ಉಳಿದವರೆಲ್ಲ ಇದರಲ್ಲೇ ಕೆಲಸ ಮಾಡ್ತಿಲ್ವಾ? ಇವನೊಬ್ಬನ ಕಣ್ಣಿಗೇನು ದೊಡ್ಡ ರೋಗ?"

"ಅವ್ರು ಉರು ಹೊಡೆದಿದಾರೆ. ಇವ್ರಿಗೆ ಯಾರೂ ಹೇಳ್ಲಿಲ್ಲ. ಬೇಕಾದ್ರೆ ನೀವೇ ನೋಡಿ ಸಾರ್, ಈಗ ಯಾವ ಪಂಪು ಓಡ್ತಿದೆ ಹೇಳಿ."

"ವಿಚಾರಣೆ ನಡೀತಿರೋದು ನನ್ನ ಮೇಲಲ್ಲ." ಪದ್ಮನಾಭ ಪರದೆಯ ಕಡೆ ಕತ್ತನ್ನೂ ಹೊರಳಿಸಲಿಲ್ಲ.

"ಅವ್ರು ತಿರುಗಲ್ಲಮ್ಮಾ," ಎಂದ ತಿರುಮಲ. "ಅದು ಯಮನ ದಿಕ್ಕು!"

ಶಿವರಾಮು ನಗಲಿಲ್ಲ. "ಆ ವಾಸ್ತು ಮಾತನ್ನ ತಪ್ಪದೆ ಬರ್ಕೊಳ್ಳಿ ಸಾರ್. ಲೇಬರ್ ಆಫೀಸ್‌ನಲ್ಲಿ ಓದೋಕೆ ಚೆನ್ನಾಗಿರುತ್ತೆ."

ಪದ್ಮನಾಭ ಎದ್ದು ಯಜಮಾನನ ಕೋಣೆಗೆ ಹೋದ. ನ್ಯಾಯಕ್ಕೆ ಹೆದರದ ಯಜಮಾನ ನಗೆಪಾಟಲಿಗೆ ಹೆದರಿದ. ಡಿಸ್ಮಿಸ್ ಬೇಡ ಎಂದಾಯಿತು. ತಿರುಮಲ ಕೆಲಸಕ್ಕೆ ಬರಬಹುದು. ಆದರೆ ಮೊದಲು ಉಳಿ ಸುತ್ತಿಗೆ ಹಿಡಿದು ಕೊಪ್ಪರಿಗೆಯೊಳಗೆ ಇಳಿಯಬೇಕು, ಕಲ್ಲಾದ ರಾಳವನ್ನು ಪೂರ್ತಿ ಕೆತ್ತಿ ತೆಗೆದ ಮೇಲೇ ಅವನಿಗೆ ಕುರ್ಚಿ. ಸುದ್ದಿ ತ್ರಿಪ್ಲಿಕೇನ್‌ಗೆ ಮುಟ್ಟಲು ತಡವಾಗಲಿಲ್ಲ. ವಿಶ್ವಾರಾಧ್ಯ ಕಾರ್ಖಾನೆಯ ಗೇಟಿಗೇ ಫೋನು ಮಾಡಿ ಬೃಂದಾಳನ್ನು ಕರೆಸಿದ. "ಉಂಡ ಮನೆ ಜಂತೆ ಎಣಿಸೋಳು ನೀನು. ಈ ಕಡೆ ತಲೆ ಹಾಕಬೇಡ," ಎಂದು ಫೋನು ಕುಕ್ಕಿದ.

ಗೇಟಿನಾಚೆಯ ಟೀ ಅಂಗಡಿಯಲ್ಲಿ ತಿರುಮಲ ನಿಂತಿದ್ದ.

"ಟೀ ಹೇಳ್ಲಾ ಅಣ್ಣಾ?" ಎಂದಳು ಬೃಂದಾ.

"ನಿನ್ನ ಟೀ ಬೇಡ. ಆ ಕೊಪ್ಪರಿಗೆ ಒಳಗೆ ಬೇಯೋಕೆ ಹೋಗ್ತಿರೋನು ನಾನು. ಕೆಲಸ ಉಳಿಸಿಕೊಟ್ಟೆ, ಎಲ್ಲಾ ತೀರ್ತು ಅಂದ್ಕೋಬೇಡ."

"ಅಂದ್ಕೊಂಡಿಲ್ಲ. ನನ್ ಕೆಲಸ ಹೋಯ್ತು."

"ಹೋಗ್ಲಿ. ಹೋಗಬೇಕಾದ ಕೆಲಸವೇ ಅದು."

ಬೃಂದಾ ತನ್ನೊಬ್ಬಳಿಗೇ ಟೀ ಹೇಳಿದಳು. "ಸ್ಕ್ರೀನ್ ಸರಿ ಮಾಡಿಸ್ತಾರಂತಾ?"

"ಇಲ್ಲ. ಅದು ಹಾಗೇ ಇರುತ್ತಂತೆ, ಬದಲಾಯಿಸಿದ್ರೆ ದೋಷ ಬರುತ್ತಲ್ಲ," ಎಂದು ತಿರುಮಲ ಉಗಿದು ಬಾಯಿ ಒರೆಸಿಕೊಂಡ. "ಇನ್ನು ನಾನೂ ಉರು ಹೊಡೀಬೇಕು. ಹೋಗು, ನಿನ್ನ ಬಸ್ ಬಂತು."