ಕತ್ತರಿಗೂ ಮುಂಚೆ ಒಂದು ಗೆರೆ

"ಕುಣಿಯೋಕೆ ಬರದವರು ನೆಲ ಡೊಂಕು ಅಂದ್ರಂತೆ. ಕೀ ಒತ್ತೋಕೆ ಕೈ ಸರಿಯಿಲ್ಲದವರು ಬೇರೆ ಕೆಲಸ ನೋಡ್ಕೊಳ್ಳಲಿ, ಗುರುತಪ್ಪ."

ಬೆಳಗಿನ ಸಭೆ. ಮೇಜಿನ ಸುತ್ತ ಇರುವವರೆಲ್ಲ ನಗುತ್ತಾರೆ. ಮಾತು ಎಸೆದವರು ತಂಡದ ಮುಖ್ಯಸ್ಥರು. ತಿಂದವರು ನಲವತ್ತು ದಾಟಿದ ಒಬ್ಬ ಮನುಷ್ಯ. ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರ್ ಎಂಬ ತಂತ್ರಾಂಶದಲ್ಲಿ ತಪ್ಪು ಹುಡುಕುವುದೇ ಇವರ ಕೆಲಸ. ಇವರ ಬಗ್ಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತ ನನಗೆ ಮೈ ಉರಿಯುತ್ತದೆ. ಗುರುತಪ್ಪ ಲೋಟದ ತಳದ ಚಹಾ ಕುಡಿದು ಮುಗಿಸುತ್ತಾರೆ.

ಗುರುತಪ್ಪ ಎಂಬುದು ಆಫೀಸು ಇಟ್ಟ ಅಡ್ಡಹೆಸರು. "ಮೊದಲು ಗುರುತು, ಆಮೇಲೆ ಕೆಲಸ" ಎಂದು ಅವರು ಹಿಡಿದ ಪಟ್ಟೇ ಅದಕ್ಕೆ ಕಾರಣ. ಈ ಎಡಿಟರಿನಲ್ಲಿ ಕೀಗಳೇ ಆಜ್ಞೆಗಳು. ಈಗಿನ ಕ್ರಮದಲ್ಲಿ ಮೊದಲು 'ಅಳಿಸು' ಎನ್ನಬೇಕು, ಆಮೇಲೆ ಯಾವುದನ್ನು ಎಂದು ಹೇಳಬೇಕು. ಎರಡನೇ ಕೀ ತಪ್ಪಿದರೆ ಒಂದು ಪದದ ಬದಲು ಇಡೀ ಪ್ಯಾರಾ ಮಾಯ. ಇವರದು ತಿರುವುಮುರುವು: ಮೊದಲು ಆರಿಸು, ಆರಿಸಿದ್ದಕ್ಕೆ ತೆರೆಯ ಮೇಲೆ ಬಣ್ಣ ಬರಲಿ, ಕಣ್ಣಾರೆ ಕಂಡ ಮೇಲೆ ಅಳಿಸು.

"ಅಮ್ಮ ಬಟ್ಟೆ ಹೊಲೀತಿದ್ಲು. ಸೀಮೆಸುಣ್ಣದಲ್ಲಿ ಗೆರೆ ಎಳೀದೆ ಕತ್ತರಿ ಮುಟ್ಟಿದವಳಲ್ಲ," ಎನ್ನುತ್ತಾರೆ. ಹಳೆಯ ಕ್ರಮವೇ ಇರಲಿ ಎನ್ನುವ ಎದುರು ಪಾಳಯದವರೂ ದಡ್ಡರಲ್ಲ ಎಂದು ಅವರೇ ಒಪ್ಪುತ್ತಾರೆ. ಆ ಕ್ರಮ ಅವರ ಬೆರಳಿಗೆ ಒಗ್ಗಿಬಿಟ್ಟಿದೆ. ಕೊಟ್ಟ ಆಜ್ಞೆಯನ್ನೇ ಇನ್ನೊಂದು ಕಡೆ ಮತ್ತೆ ನಡೆಸುವುದೂ ಅದರಲ್ಲೇ ಸಲೀಸು.

ಆದರೆ ಈ ಪಟ್ಟು ಹುಟ್ಟಿದ್ದು ಅವರ ಅಡುಗೆಮನೆಯ ಮೇಜಿನ ಮೇಲೆ. ನಸುಕಿನಲ್ಲಿ ಒಲೆಯ ಮೇಲೆ ಹಾಲಿಟ್ಟು ಅವರ ಅಕ್ಕ ಲ್ಯಾಪ್‌ಟಾಪ್ ತೆರೆಯುತ್ತಾರೆ. ಅಕ್ಕನೂ ಪ್ರೋಗ್ರಾಂ ಬರೆಯುವವರೇ; ತಮ್ಮನನ್ನು ಓದಿಸಿದ್ದು ಆ ಕೈಗಳು. ಈಗ ಅವು ನಡುಗುತ್ತವೆ. ತಮ್ಮ ತನ್ನ ಕ್ರಮದಂತೆ ಎಡಿಟರಿನ ಒಂದು ಪ್ರತಿಯನ್ನು ಅಕ್ಕನಿಗೆಂದೇ ತಿದ್ದಿಕೊಟ್ಟಿದ್ದಾರೆ. ಎದುರು ಕೂತು ತೆರೆ ನೋಡುವುದಿಲ್ಲ, ಅಕ್ಕನ ಬೆರಳು ನೋಡುತ್ತಾರೆ. ಬೆರಳು ಜಾರಿದರೆ ಪಕ್ಕದ ಸಾಲಿಗೆ ಬಣ್ಣ ಬರುತ್ತದೆ, ಅಷ್ಟೇ. ಅಕ್ಕ ಸಾವಕಾಶವಾಗಿ ಸರಿಮಾಡಿಕೊಳ್ಳುತ್ತಾರೆ.

ಮೊನ್ನೆ ನಸುಕಿನಲ್ಲಿ ಅಲ್ಲಿಗೆ ಹೋಗಿದ್ದಾಗ, ಅಳಿಸಿದ್ದನ್ನು ವಾಪಸ್ ತರುವ ಆಜ್ಞೆಯೂ ಇದೆಯಲ್ಲ ಎಂದು ಕೇಳಿದೆ. ಅಕ್ಕ ನಕ್ಕರು. "ಇದೆ. ಅದನ್ನ ಒತ್ತೋದೂ ಇದೇ ಕೈ ತಾನೇ?"

ಮುಂದಿನ ಆವೃತ್ತಿಯಲ್ಲಿ ಕಂಪನಿ ಈ ಕ್ರಮವನ್ನು ಸೇರಿಸದಿದ್ದರೆ ಹಳೆಯದನ್ನು ತಿದ್ದಿ ಮಾಡಿದ ಮನೆಯ ಪ್ರತಿ ಆಮೇಲೆ ಓಡುವುದಿಲ್ಲ. ಅಕ್ಕನ ದುಡಿಮೆ ಅಲ್ಲಿಗೆ ನಿಂತಂತೆ. ಹಾಗಾದರೆ ಆಫೀಸಿನಲ್ಲಿ ಇದ್ದದ್ದು ಇದ್ದಹಾಗೆ ಹೇಳಬಾರದೇ?

"ನನ್ನ ಕೈ ತೋರಿಸಿ ಬೇಡಬಾರದು ಅಂತ ಇವನಿಂದ ಆಣೆ ಹಾಕಿಸ್ಕೊಂಡಿದೀನಿ," ಎಂದರು ಅಕ್ಕ. "ಕ್ರಮ ಸರಿಯಿದ್ರೆ ಎಲ್ಲರ ಕೈಗೂ ಸರಿಯಿರಬೇಕು. ನೀನು ಬೇಕಾದ್ರೆ ಬರ್ಕೊ ಮರಿ, ಓದೋರು ಓದ್ಕೊಳ್ಳಲಿ. ಇವನು ಮಾತ್ರ ಬಾಯಿ ಬಿಡಬಾರದು." ಆಮೇಲೆ ತಮ್ಮನ ಕಡೆ ತಿರುಗಿ, "ಹಾಲು ಉಕ್ತಾ ಇದೆ, ನೋಡೋ."

ಒಲೆ ಆರಿಸಿ ಬಂದ ತಮ್ಮ ನನಗೆ ಮೆಲ್ಲಗೆ ಹೇಳಿದರು: "ಅವಳು ಮಧ್ಯಾಹ್ನದವರೆಗಾದ್ರೂ ಬರೀಬೇಕು. ನನಗೆ ಇನ್ನೇನೂ ಬೇಡ."

ಈಗ ಸಭೆಯಲ್ಲಿ ನಗು ನಿಂತಿದೆ. ಮುಖ್ಯಸ್ಥರ ದನಿ ಇಳಿದಿದೆ. "ಹೋಗಲಿ, ಇಷ್ಟೊಂದು ಹಠ ಯಾರಿಗೋಸ್ಕರ? ಮನೇಲಿ ಯಾರಿಗಾದ್ರೂ ತೊಂದ್ರೆನಾ? ಒಂದು ಮಾತು ಹೇಳು, ಈ ಸಲವೇ ಸೇರಿಸೋಣ."

ಎಲ್ಲರೂ ಅವರ ಬಾಯಿ ನೋಡುತ್ತಿದ್ದಾರೆ. ಗುರುತಪ್ಪ ಖಾಲಿ ಲೋಟ ಎತ್ತಿಕೊಂಡು, ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಕ್ಕೆ ಸರಿಸಿ, ಬಾಗಿಲು ದಾಟಿ ನಡೆಯುತ್ತಾರೆ.