ಮಾಲೆ ಹಾಕದ ಚಿತ್ರ

ಸತ್ತವರು ಬಂದು ಕಣ್ಣಿಗೆ ಬಿದ್ದರು ಎಂದು ಯಾರಾದರೂ ಹೇಳಿದರೆ ನಾನು ನಗುವವಳು. ಧಾರವಾಡದ ನಮ್ಮ ತವರಿನಲ್ಲಿ ಇಂಥ ಕಥೆಗಳಿಗೆ ಬರವಿರಲಿಲ್ಲ. ಬಾವಿಕಟ್ಟೆಯ ಮೇಲೆ ಯಾರೋ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳಂತೆ! "ಬಾಚಣಿಗಿ ಎಲ್ಲಿಂದ ತಂದಿದ್ಲಂತ?" ಎಂದು ಕೇಳಿ ಹಿರಿಯರಿಂದ ಬೈಸಿಕೊಂಡವಳು ನಾನು. ಈಗ ನಾನೇ ಇಂಥದೊಂದನ್ನು ಹೇಳಹೊರಟರೆ ನೀವು ನಗಬಹುದು. ನಗಿರಿ, ಬೇಡ ಎನ್ನುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ಮದುವೆಯಾಗಿ ಪುಣೆಗೆ ಬಂದವಳು ನಾನು, ಧನಕವಡಿಯಲ್ಲಿ ಮನೆ. ಪ್ಯಾಸ್ಟೆಲ್ ಚಿತ್ರ ಬರೆಯುವುದು ನನ್ನ ಹುಚ್ಚು. ಕುಂಚ ಬೇಡ, ನೀರು ಬೇಡ, ಬಳಪದಂಥ ಬಣ್ಣದ ಕಡ್ಡಿಯನ್ನು ಕಾಗದದ ಮೇಲೆ ಎಳೆದು ಬೆರಳಿನಿಂದ ತೀಡಿದರಾಯಿತು. ಮನೆ ತುಂಬ ಬಣ್ಣದ ಪುಡಿ. ಚಪಾತಿಯಲ್ಲೂ ನೀಲಿ ಕಾಣುತ್ತದೆ ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ದೂರುತ್ತಾರೆ. ಸುಳ್ಳು! ಹಾಗಾದದ್ದು ಒಂದೇ ಸಲ. ನಾಲ್ಕು ಗೋಡೆಯೊಳಗೆ ಕುಳಿತರೆ ನನಗೆ ಚಿತ್ರ ಹೊಳೆಯುವುದಿಲ್ಲ. ಮಂಡಿಯಲ್ಲಿ ಮೆಂತ್ಯೆ ಸೂಡು ಕಟ್ಟುವವಳು, ಬಸ್ಸಿಗೆ ಕಾದು ಕಾದು ತೂಕಡಿಸುವ ಅಜ್ಜ, ಇಂಥವರು ಕಂಡರೆ ಕೈ ತುರಿಸುತ್ತದೆ. ಅದಕ್ಕೆಂದೇ ಆಗಾಗ ಬಣ್ಣದ ಡಬ್ಬಿ ಹೆಗಲಿಗೇರಿಸಿ ಘಟ್ಟದ ಮೇಲಿನ ಲೋಣಾವಳಾಕ್ಕೆ ಲೋಕಲ್ ರೈಲು ಹತ್ತಿಬಿಡುತ್ತೇನೆ.

ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದವಳು ಸುನಂದಾ, ಗೋಕಾಕ ಕಡೆಯ ಹುಡುಗಿ. ಬಂದಾಗಲೇ ಬಸುರಿ. ಅದಕ್ಕೂ ಕೆಲವು ತಿಂಗಳ ಹಿಂದೆ ಊರಿನಲ್ಲಿ ತಾಯಿ ಗಂಗವ್ವ ತೀರಿಕೊಂಡಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಬೇಕೆಂದರೆ ತವರಿನಲ್ಲಿ ಅವ್ವನೇ ಇಲ್ಲ. ಹೀಗಾಗಿ ಹೆರಿಗೆ ಪುಣೆಯಲ್ಲೇ ಆಯಿತು, ಹೆಣ್ಣು ಕೂಸು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾದ ಮೇಲೆ ಒಂದು ದಿನ ಸುನಂದಾ ನನ್ನನ್ನು ಕರೆದು ಗೋಡೆ ತೋರಿಸಿದಳು. ಅಲ್ಲಿ ಗಂಗವ್ವನ ಫೋಟೊ ಇತ್ತು, ಗಂಧದ ಮಾಲೆ ಹಾಕಿದ್ದರು. ಬೇರೆ ಫೋಟೊನೇ ಇಲ್ಲವೆಂದು ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದರು. ಆಧಾರ್ ಫೋಟೊದಲ್ಲಿ ಯಾರು ತಾನೇ ತಮ್ಮಂತೆ ಕಾಣುತ್ತಾರೆ ಹೇಳಿ? ಕಣ್ಣು ಬಿಟ್ಟುಕೊಂಡು, ತುಟಿ ಬಿಗಿದುಕೊಂಡು, ಪಾಪ, ಕಳ್ಳನನ್ನು ಕಂಡವರ ಹಾಗೆ ಕಾಣುತ್ತಿದ್ದರು.

"ಕಾಕು, ಕೂಸು ತೊಟ್ಟಲದಾಗ ಮಲಕೊಂಡು ದಿನಾ ನೋಡೂದು ಈ ಮಾರಿನ? ನಮ್ಮವ್ವ ಹಿಂಗಿದ್ದಿಲ್ರಿ. ಭಾಳ ನಗತಿದ್ಲು. ತೊಟ್ಟಲದ ದಿನಕ್ಕ ನಗೂ ಮಾರಿ ಒಂದು ಬರದು ಕೊಡ್ರಿ" ಎಂದಳು.

"ಅದಕ್ಕೇನವ್ವಾ, ಬರೀತೀನಿ. ಹೆಂಗ ನಗತಿದ್ರು ಹೇಳು. ಹಲ್ಲು ಕಾಣತಿದ್ವೇನು? ಗಲ್ಲದ ಮ್ಯಾಲ ಕುಳಿ ಬೀಳತಿತ್ತೇನು?" ಎಂದು ಕೇಳಿದೆ.

ಸುನಂದಾ ಬಾಯಿ ತೆರೆದವಳು ಫೋಟೊದ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಬಂತು.

"ನೆನಪಾಗವಲ್ದು ಕಾಕು. ಬೈಯೂದು ಇನ್ನಾ ಕಿವ್ಯಾಗ ಅದ. ನಗೂದು ಎಲ್ಲಿ ಹೋತೋ ಏನೋ. ಎಷ್ಟ ನೆನಸ್ಕೊಂಡ್ರೂ ಈ ಫೋಟೊನ ಕಣ್ಣಮುಂದ ಬರ್ತದ. ನಮ್ಮವ್ವನ ನಗೂನ ನಾ ಮರತ ಬಿಟ್ಟೇನ್ರಿ."

ಬರೆದೇ ತೀರುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟದ್ದೇನೋ ಸರಿ, ಬರಬೇಕಲ್ಲ! ಗೊತ್ತಿಲ್ಲದ ನಗುವನ್ನು ಎಲ್ಲಿಂದ ತರುವುದು? ಆ ಫೋಟೊ ಮುಂದಿಟ್ಟುಕೊಂಡು ತುಟಿ ಅಗಲಿಸಿದರೆ ಹಲ್ಲು ನೋಯುವವರ ಮುಖವಾಯಿತು. ಹಲ್ಲು ಬಿಡಿಸಿದರೆ ಮೆಕ್ಕೆಜೋಳದ ತೆನೆಯಾಯಿತು. ಬರೆದೆ, ಒರೆಸಿದೆ, ಹರಿದೆ. ಕಡೆಗೆ ಬೇಸರ ಬಂದು, ತಲೆ ಹಗುರಾಗಲಿ ಎಂದು ಲೋಣಾವಳಾಕ್ಕೆ ಹೋದೆ.

ಅಂದು ಮೋಡದ ಬೆಳಕು ಚೆನ್ನಾಗಿತ್ತು. ಮನಸ್ಸು ತುಂಬುವಷ್ಟು ಬರೆದು ಮಧ್ಯಾಹ್ನದ ಲೋಕಲ್ ಹಿಡಿದೆ. ಹೆಂಗಸರ ಬೋಗಿ ಅರ್ಧ ಖಾಲಿ. ಕಡ್ಡಿಗಳನ್ನು ಜೋಡಿಸಿಡುತ್ತಿದ್ದಾಗ ಒಂದು ಉರುಳಿ ಎದುರಿನ ಸೀಟಿನ ಕೆಳಗೆ ಹೋಯಿತು. "ಅಯ್ಯ ಶಿವನ!" ಎಂದು ಬಾಯಿಂದ ಬಂತು. ಎದುರಿಗೆ ಕುಳಿತಿದ್ದ ಹಸಿರು ಇಳಕಲ್ ಸೀರೆಯ ಹೆಂಗಸು ತಟ್ಟನೆ ಬಗ್ಗಿ ಅದನ್ನು ಎತ್ತಿ ಕೊಟ್ಟಳು.

"ಕನ್ನಡದವ್ರೇನ್ರಿ! ತಗೋರಿ ನಿಮ್ಮ ಬಳಪ."

ಪುಣೆಯ ಗಾಡಿಯಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಎಷ್ಟು ಖುಷಿಯಾಗುತ್ತದೆಂದು ಹೊರಗಿದ್ದವರಿಗೇ ಗೊತ್ತು. ಮಾತಿಗೆ ಮಾತು ಬೆಳೆಯಿತು. ಚಿತ್ರ ಬರೆಯುತ್ತೇನೆಂದು ತಿಳಿದದ್ದೇ ಆಕೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು.

"ನನ್ನ ಮಾರಿ ಬರೀರಿ ನೋಡೂಣು. ಫೋಟೊದಾಗ ನಾ ಎಂದೂ ಛಲೋ ಬಿದ್ದಾಕಿ ಅಲ್ರಿ. ಅಲ್ಲಾಡಬ್ಯಾಡ ಅಂದ್ರ ಉಸರ ಬಿಡೂದ ಮರೀತೇನಿ."

ಗಾಡಿ ಅಲುಗಾಡುತ್ತಿತ್ತು. ಆದರೂ ಕೈ ಅಂದು ಓಡಿದ ಹಾಗೆ ಎಂದೂ ಓಡಿಲ್ಲ. ಆಕೆಯ ತೊಡೆಯ ಮೇಲೆ ಚಿಕ್ಕಿಯ ಪೊಟ್ಟಣವಿತ್ತು. ಯಾರಿಗೆ ಎಂದು ಕೇಳಿದೆ.

"ಮೊಮ್ಮಗಳಿಗೆ ತಗೊಂಡೇನ್ರಿ. ಅದಕ್ಕ ಇನ್ನಾ ಹಲ್ಲ ಬಂದಿಲ್ಲ. ನಾನ ತಿನ್ನೂದು ಮತ್ತ!" ಎಂದು ಗಹಗಹಿಸಿ ನಕ್ಕಳು. ನಕ್ಕಾಗ ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣೊಂದೇ ಮಿಣಮಿಣ ಅಂತಿತ್ತು. ಅದನ್ನೇ ಹಿಡಿದೆ. ಮುಗಿಸಿ ತೋರಿಸಿದರೆ, "ಅಯ್ಯ, ಇದು ನಾನ!" ಎಂದು ಇನ್ನಷ್ಟು ನಕ್ಕಳು. ಬೇಕಾದರೆ ಒಯ್ಯಿರಿ ಎಂದೆ. "ನಾ ಎಲ್ಲಿ ಹಿಡಕೊಂಡ ಹೋಗ್ಲಿ? ನಿಮ್ಮ ಕಡೇನ ಇರಲಿ. ಬೇಕಾದವ್ರು ಬಂದ್ರ ಕೊಡ್ರಿ" ಎಂದಳು. ಪುಣೆಯ ಶಿವಾಜಿನಗರ ಸ್ಟೇಷನ್ನಿನಲ್ಲಿ ಇಳಿಯುವವರ ಜೊತೆ ಇಳಿದಳು. ಹೆಸರು ಕೇಳುವುದೇ ಮರೆತಿತ್ತು.

ಮನೆಗೆ ಬಂದು, ಬಣ್ಣ ಉದುರದಂತೆ ಬೆಣ್ಣೆಕಾಗದ ಮುಚ್ಚಿ ಅದನ್ನು ಮೇಜಿನ ಮೇಲಿಟ್ಟೆ. ಗಂಗವ್ವನ ಚಿತ್ರವನ್ನು ಮತ್ತೆ ಶುರು ಮಾಡಿದೆ. ತೊಟ್ಟಿಲಿನ ಹಿಂದಿನ ದಿನದವರೆಗೂ ಅದು ಬರಲಿಲ್ಲ. ಸುನಂದಾ ಮೇಲೆ ಬಂದಾಗ ಇದ್ದದ್ದನ್ನೇ ತೋರಿಸಿದೆ. "ಛಲೋ ಆಗೇದ್ರಿ ಕಾಕು" ಎಂದಳು. ಮುಖ ಬಾಡಿದ್ದು ಕಾಣುತ್ತಿತ್ತು. ಸುಮ್ಮನೆ ಪಕ್ಕದ ಬೆಣ್ಣೆಕಾಗದ ಎತ್ತಿ ನೋಡಿದಳು. ನೋಡಿದವಳೇ ಕಿರುಚಿದಳು.

"ಕಾಕು! ಇದನ್ನ ಬರದು ಮುಚ್ಚಿಟ್ಟು ಆಟಾ ಆಡಿಸ್ತೀರೇನ್ರಿ ನನ್ನ?"

"ಅದು ಬ್ಯಾರೆ ಮಾರಾಯ್ತಿ. ರೈಲಿನಾಗ ಸಿಕ್ಕಾಕಿ."

"ಎಲ್ಲೀ ರೈಲ್ರಿ? ನಮ್ಮವ್ವ! ಇದ, ಇದ ನಗು! ಎಡಗಣ್ಣು ಮುಚ್ಚತಿತ್ತು. ನಮ್ಮಪ್ಪ ಒಕ್ಕಣ್ಣಿ ಅಂತ ಕಾಡಸ್ತಿದ್ದ. ಅಯ್ಯ ನನ್ನವ್ವಾ, ಎಲ್ಲಾ ನೆನಪಾತು ನೋಡ್ರಿ!"

ಅಳುತ್ತ ಅಳುತ್ತ ನಗತೊಡಗಿದಳು. ಬಂದಾಗಿನಿಂದ ಆ ಹುಡುಗಿ ಬಾಯಿ ಬಿಟ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಕ್ಕಾಗ ಅವಳ ಎಡಗಣ್ಣೂ ಪೂರ್ತಿ ಮುಚ್ಚಿಕೊಂಡಿತು.

ಚಿತ್ರ ಕೊಡುವುದಕ್ಕೆ ನನಗೇನೂ ತಕರಾರಿರಲಿಲ್ಲ. ಆದರೆ ಒಂದು ಅಳುಕು. ಆ ಹೆಂಗಸು ಎಲ್ಲೋ ಬದುಕಿರುವವಳೇ ಆಗಿದ್ದರೆ? ಬದುಕಿರುವವರ ಚಿತ್ರಕ್ಕೆ ಮಾಲೆ ಹಾಕುವುದುಂಟೆ? ಅದನ್ನೇ ಹೇಳಿದೆ. "ಬ್ಯಾಡಂದ್ರ ಬ್ಯಾಡ. ಹಿಂಗ ನಗೂವಾಕಿಗೆ ಯಾತರ ಮಾಲಿ?" ಎಂದು ಎದೆಗವಚಿಕೊಂಡು ಇಳಿದು ಹೋದಳು.

ಮರುದಿನ ತೊಟ್ಟಿಲ ಮೇಲ್ಗಡೆ ಹಳೆಯ ಫೋಟೊ ಹೋಗಿ ಈ ಚಿತ್ರ ಬಂದಿತ್ತು. ಮನೆ ತುಂಬ ಹೆಂಗಸರು, ಗುಗ್ಗರಿ, ಗದ್ದಲ. ಗಂಗವ್ವನ ತಂಗಿ ಗೋಕಾಕದಿಂದ ಬಂದವರು ಚೀಲ ಹಿಡಿದು ಬಾಗಿಲೊಳಗೆ ಕಾಲಿಟ್ಟರು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ. ಗೋಡೆಯ ಕಡೆ ನೋಡಿದವರೇ, "ಯವ್ವಾ, ನನಗಿಂತ ಮೊದಲ ಬಂದು ಕುಂತೀಯಲ್ಲ ಅಕ್ಕಾ!" ಎಂದುಬಿಟ್ಟರು. ಆಮೇಲೆ ಗಕ್ಕನೆ ನಿಂತರು. ಮೊದಲು ನಕ್ಕವಳು ಸುನಂದಾ. ಆಮೇಲೆ ಎಲ್ಲರೂ ನಕ್ಕರು, ಅಷ್ಟು ಸಂತೋಷದ ತೊಟ್ಟಿಲು ನಾನು ಕಂಡಿಲ್ಲ.

ನಮ್ಮ ಯಜಮಾನರು ಒಪ್ಪುವುದಿಲ್ಲ. ಆ ಫೋಟೊವನ್ನು ದಿನಗಟ್ಟಲೆ ದಿಟ್ಟಿಸಿದವಳಿಗೆ ಎದುರಿಗೆ ಕುಳಿತವರಲ್ಲೂ ಅದೇ ಮುಖ ಕಂಡಿರಬೇಕು, ನಮ್ಮ ಕಡೆಯ ಹೆಂಗಸರಲ್ಲಿ ಹೋಲಿಕೆ ಇದ್ದೇ ಇರುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಫೋಟೊದಲ್ಲಿ ಎರಡೂ ಕಣ್ಣು ಬಿಟ್ಟೇ ಇದ್ದವಲ್ಲ! ಅದನ್ನು ಕೇಳಿದರೆ ಅವರು ಚಪಾತಿಯ ನೀಲಿಯ ಮಾತು ತೆಗೆಯುತ್ತಾರೆ.

ಈಗಲೂ ಲೋಣಾವಳಾಕ್ಕೆ ಹೋಗುತ್ತೇನೆ. ಮೊದಮೊದಲು ಬೋಗಿಯ ತುಂಬ ಆ ಹಸಿರು ಸೀರೆ ಹುಡುಕುತ್ತಿದ್ದೆ. ಆಮೇಲೆ ಹೊಳೆಯಿತು: ಆಕೆ ಮತ್ತೊಮ್ಮೆ ಸಿಕ್ಕು, ಹೆಸರು ಹೇಳಿ, ವಿಳಾಸ ಕೊಟ್ಟರೆ, ಸುನಂದಾಳ ಅವ್ವ ಎರಡನೇ ಸಲ ಸತ್ತ ಹಾಗಲ್ಲವೆ? ಮೊನ್ನೆ ಗಾಡಿ ಖಡಕಿ ಸ್ಟೇಷನ್ ದಾಟುವಾಗ ನನ್ನ ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಕನ್ನಡದಲ್ಲಿ ಏನೋ ಹೇಳಿ ಗಹಗಹಿಸಿ ನಕ್ಕಳು. ನಾನು ತಿರುಗಿ ನೋಡಲಿಲ್ಲ.