ಹರಿಹರದಲ್ಲಿ ಬರ್ತ್, ದಾವಣಗೆರೆಯಲ್ಲಿ ರೋಗಿ

ಕಳೆದ ಮಂಗಳವಾರ, ಸಂಜೆ ಆರೂವರೆ, ಹರಿಹರ ಸ್ಟೇಷನ್ನು. ಹಾಜರಿದ್ದವರು: ನಾನು, ನನ್ನ ಟ್ರಂಕು, ಸುತ್ತಿದ ಹಾಸಿಗೆ. ಹಾಜರಿರಬೇಕಾಗಿದ್ದೂ ಇರದಿದ್ದವಳು: ನನ್ನ ಹೆಂಡತಿ ಗಂಗಮ್ಮ. ಅವಳು ಆ ಹೊತ್ತಿಗೆ ದಾವಣಗೆರೆ ಪ್ಲಾಟ್‌ಫಾರ್ಮಿನಲ್ಲಿ ಹೊರಸಿನ ಮೇಲೆ ಮಲಗಿದ್ದಳು.

ಇದೆಂಥ ಪ್ರಯಾಣ ಅನ್ನುತ್ತೀರಾ? ಕ್ರಮವಾಗಿ ಹೇಳುತ್ತೇನೆ.

ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಗಂಗಮ್ಮನ ಬೆನ್ನುಮೂಳೆಗೆ ಪೆಟ್ಟಾಗಿದೆ. ಬೆಂಗಳೂರಿನ ಆಸ್ಪತ್ರೆಗೆ ತೋರಿಸಬೇಕು. ಮಲಗಿಸಿಕೊಂಡೇ ಹೋಗಿ, ಕೂರಿಸಬೇಡಿ, ಬಸ್ಸಂತೂ ಬೇಡವೇ ಬೇಡ ಎಂದು ನಮ್ಮ ಡಾಕ್ಟರು ಒತ್ತಿ ಹೇಳಿದ್ದರು.

ಸರಿ, ಸ್ಲೀಪರ್ ಬುಕ್ ಮಾಡೋಣವೆಂದು ದಾವಣಗೆರೆ ಸ್ಟೇಷನ್ನಿನ ಟಿಕೆಟ್ ಕಿಟಕಿಗೆ ಹೋದೆ. ಬೆಂಗಳೂರಿನ ರಾತ್ರಿ ಗಾಡಿಗೆ ಇಲ್ಲಿಂದ ಮಲಗುವ ಬರ್ತ್ ಕೊಡುವುದಿಲ್ಲವಂತೆ. ಹರಿಹರದಿಂದ ಮಾತ್ರವಂತೆ. (ಗಾಡಿ ಹರಿಹರ ದಾಟಿಯೇ ನಮ್ಮೂರಿಗೆ ಬರುವುದು. ಬೆಂಗಳೂರಿಗೆ ಹೊರಟವನು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಹೋಗಬೇಕು!) ಹೋದೆ. ಎರಡು ಬರ್ತ್ ಹಿಡಿದೆ. ಅವಳಿಗೆ ಕೆಳಗಿನದು, ನನಗೆ ಮೇಲಿನದು.

"ರೋಗಿ ದಾವಣಗೆರೆಯಲ್ಲಿ ಹತ್ತುತ್ತಾರೆ. ತೊಂದರೆ ಇಲ್ಲವಷ್ಟೆ?" ಎಂದು ಕೇಳಿದೆ.

"ಗಾಡ್ಯಾಗ ಟಿ.ಟಿ.ಗೆ ಹೇಳ್ರಿ, ನೋಡ್ತಾರ" ಎಂದರು ಕಿಟಕಿಯವರು, ತಲೆ ಎತ್ತದೆ.

ಮನೆಗೆ ಬಂದು ಇದನ್ನು ಹೇಳಿದಾಗ ಗಂಗಮ್ಮನ ತಮ್ಮ ರುದ್ರಪ್ಪ ನಕ್ಕುಬಿಟ್ಟ.

"ಮಾವಾರೇ, ಹರಿಹರದಾಗ ಆಳು ಕಾಣಲಿಲ್ಲ ಅಂದ್ರ ಬರ್ತ್ ಬ್ಯಾರೇರಿಗೆ ಹೋತು ಅಂತ್ಲೇ ತಿಳ್ಕೊಳ್ರಿ. ಈ ಊರಾಗ ಎಲ್ಲಾರೂ ಏನ್ ಮಾಡ್ತಾರ ಗೊತ್ತೈತಾ? ಒಬ್ಬನ್ನ ಅಲ್ಲಿ ಹತ್ತಿಸಿ, ಮುಸುಕು ಹಾಕಿ ಮಲಗಿಸಿಬಿಡ್ತಾರ. ದಾವಣಗೆರೆ ಬಂತು, ಅವ ಇಳಿದ, ಇವರು ಮಲಗಿದ್ರು. ಅಕ್ಕನ ಬದ್ಲಿ ನಾನು ಮಲಗ್ತೀನಿ ಬಿಡ್ರಿ."

"ಹೆಂಗಸಿನ ಹೆಸರಿನ ಬರ್ತಿನಲ್ಲಿ ನೀನು ಮಲಗುತ್ತೀಯಾ?"

"ಮೀಸಿ ಕಾಣ್ದಂಗ ಹೊದ್ಕಂತೀನಿ."

ಬೇಡ ಎಂದೆ. ದುಡ್ಡು ಕೊಟ್ಟು ಹಿಡಿದ ಬರ್ತಿಗೆ ಕಳ್ಳರ ಹಾಗೆ ಮುಸುಕೇಕೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕೇಳುವವರಿಲ್ಲವೇ?

ಇಲ್ಲ.

ಮಂಗಳವಾರ ಹರಿಹರಕ್ಕೆ ಗಾಡಿ ಬಂತು, ಹತ್ತಿದೆ. ಟಿ.ಟಿ. ಬಂದೊಡನೆ ನಾನೇ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಡಾಕ್ಟರ ಚೀಟಿ ತೋರಿಸಿದೆ.

"ಅಂದ್ರ ಪ್ಯಾಸೆಂಜರ್ ಇಲ್ಲಿಲ್ಲ. ನೀವೇ ಹೇಳಿದ್ರಲ್ರಿ?" ಎಂದವರೇ, ಪಕ್ಕದಲ್ಲಿ ಕಾಯುತ್ತಿದ್ದ ಸಾಹುಕಾರರೊಬ್ಬರಿಗೆ ರಸೀದಿ ಹರಿದು ಕೊಟ್ಟರು. ಸಾಹುಕಾರರು ಚಪ್ಪಲಿ ಬಿಟ್ಟು ಗಂಗಮ್ಮನ ಬರ್ತಿನಲ್ಲಿ ಕಾಲು ಚಾಚಿದರು.

"ಫಸ್ಟ್ ಕ್ಲಾಸಿಗಾದರೂ ಬದಲಿಸಿ ಕೊಡಿ. ವ್ಯತ್ಯಾಸ ಕಟ್ಟುತ್ತೇನೆ" ಎಂದೆ. ಅಲ್ಲೊಂದು ಕಂಪಾರ್ಟ್‌ಮೆಂಟು ಖಾಲಿಯೇ ಇತ್ತು. ಆದರೆ ಬೀರೂರಿನಲ್ಲಿ ಯಾರೋ ಅಧಿಕಾರಿಗಳು ಹತ್ತುವವರಿದ್ದಾರಂತೆ. ನೋಡಿ ನ್ಯಾಯ! ಅಧಿಕಾರಿಗಳು ಬೀರೂರಿನಲ್ಲಿ ಹತ್ತಬಹುದು, ಅಲ್ಲಿಯತನಕ ಬರ್ತ್ ಬೀಗ ಹಾಕಿಕೊಂಡು ಕಾಯುತ್ತದೆ. ಬೆನ್ನಿಗೆ ಪೆಟ್ಟಾದ ಹೆಂಗಸು ಅರ್ಧ ಗಂಟೆ ಆಚೆಯ ದಾವಣಗೆರೆಯಲ್ಲಿ ಹತ್ತಬಾರದು!

ಎದುರಿನ ಮೇಲಿನ ಬರ್ತಿನಲ್ಲಿ ಒಬ್ಬ ತಲೆತನಕ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದ. ಟಿ.ಟಿ. ಅವನನ್ನು ಎಬ್ಬಿಸಲೂ ಇಲ್ಲ. ದಾವಣಗೆರೆ ಬಂದದ್ದೇ ತಡ, ಗೊರಕೆ ನಿಂತಿತು. ಅವನು ಕಂಬಳಿ ಮಡಚಿ ಇಳಿದ. ಅವನ ಯಜಮಾನರು ಹತ್ತಿ ಮಲಗಿದರು. ರುದ್ರಪ್ಪ ಹೇಳಿದ ಹಾಗೆಯೇ.

ರುದ್ರಪ್ಪ ಮತ್ತು ಮೂವರು ಗಂಗಮ್ಮನನ್ನು ಜಮಖಾನೆಯಲ್ಲಿ ಎತ್ತಿಕೊಂಡು ಒಳಗೆ ಬಂದರು. ಮೇಲಿನ ಬರ್ತಿಗೆ ಅವಳನ್ನು ಏರಿಸುವುದು ಆಗದ ಮಾತು.

"ಸಾವ್ಕಾರ್ರೇ, ಅಕ್ಕಂಗ ಬೆನ್ನಿಗೆ ಪೆಟ್ಟಾಗೈತ್ರಿ. ಮಾವಾರ ಬರ್ತ್ ತಗಂಡು ಮ್ಯಾಲೆ ಹೋಗ್ರಿ" ಎಂದ ರುದ್ರಪ್ಪ.

"ನಂಗೂ ಮೊಣಕಾಲು ಹಿಡಕಂಡೈತಪ್ಪ. ರಸೀದಿ ಐತಿ ನನ್ ಹತ್ರ."

"ರಸೀದಿ ಮೊಣಕಾಲಿಗೆ ಕಟ್ಕೊಳ್ರಿ" ಎಂದು ನಾನೇ ಕೂಗಿದೆ. (ನಾನು ಕೂಗುವವನಲ್ಲ. ಓದುಗರಿಗೆ ಗೊತ್ತು.)

ಗಾಡಿ ಸೀಟಿ ಹಾಕಿತು. "ನೆಲಾನೇ ಇರಲಿ ಬಿಡ್ರೀ, ಜಗಳ ಬ್ಯಾಡ" ಎಂದಳು ಗಂಗಮ್ಮ, ಹಲ್ಲು ಕಚ್ಚಿಕೊಂಡು. "ನೆಲದ ಮ್ಯಾಲಿಂದ ಇನ್ನೊಂದ್ಸಲ ಬೀಳೋದಂತೂ ಇಲ್ಲ."

ಬರ್ತುಗಳ ನಡುವೆ ಹಾಸಿಗೆ ಬಿಚ್ಚಿದೆ. ಅವಳನ್ನು ಇಳಿಸಿದರು. ರುದ್ರಪ್ಪ ತನ್ನ ಟವೆಲ್ಲು ಮಡಚಿ ಅಕ್ಕನ ತಲೆಯಡಿಗೆ ಇಟ್ಟು ಇಳಿದುಹೋದ.

ಓಡಾಡುವವರು ಅವಳನ್ನು ತುಳಿಯದಂತೆ ಟ್ರಂಕನ್ನು ಅಡ್ಡ ಇಟ್ಟು, ಅದರ ಮೇಲೆ ಕುಳಿತೆ. ಅಂದಿನ ಕೊನೆಯ ಕೆಲಸ ಅದು. ಮೇಲೆ ನನ್ನ ಬರ್ತ್ ಖಾಲಿಯೇ ಇತ್ತು, ಬೆಂಗಳೂರಿನತನಕ.

ಆಸ್ಪತ್ರೆಯವರು ಮುಂದಿನ ತಿಂಗಳು ಮತ್ತೆ ಬರಹೇಳಿದ್ದಾರೆ. ರುದ್ರಪ್ಪ ಕಂಬಳಿ ಹಿಡಿದು ಬಂದರೆ, ಬೇಡವೆನ್ನಲು ನನಗೆ ಯಾವ ಬಾಯಿ ಉಳಿದಿದೆ?